ವರದಿಯಲ್ಲಿ ಬಾರದ ಹೆಸರು

೧೯೭೪ರ ಒಂದು ಮಧ್ಯಾಹ್ನ ಸಂಶಿಯಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ನನ್ನ ಬೆನ್ನ ಹಿಂದೆ ತಾಯಿ, ಮಗ ಇದ್ದರು. ಮಗ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುವವನು. ತಂದೆ ತೀರಿಕೊಂಡ ಬೇನೆಯ ಮೇಲೆಯೇ ಕಾಲೇಜಿಗೆ ಒಂದು ವರದಿ ಬರೆದಿದ್ದ. ಇಂಗ್ಲಿಷಿನಲ್ಲಿದ್ದ ಅದನ್ನು ತಾಯಿಗೆ ಬಿಡಿಸಿ ಹೇಳುತ್ತಿದ್ದ.

“ರೋಗಿಗೆ ಐವತ್ತು ವರ್ಷ, ಒಕ್ಕಲುತನ. ಹೊಲದಾಗ ಕುಂಟಿ ಹೊಡಿಯೂವಾಗ ಕಾಲಿಗೆ ಗಾಯ ಆಗಿತ್ತು. ಗಾಯಕ್ಕ ಶಗಣಿ ಮೆತ್ತಿದ್ರು. ಮುಂದ ವಾರದಾಗ ಧನುರ್ವಾಯು ಆತು.”

“ಮೆತ್ತಿದಾಕಿ ನಾನ. ಅದನ್ನೂ ಬರದೀಯೇನು?”

“ಯಾರು ಮೆತ್ತಿದ್ರು ಅಂತ ಬರಿಯೂದಿಲ್ಲವ್ವಾ. ಏನಾತು, ಅಷ್ಟ ಬರೀಬೇಕು.”

“ನಿಮ್ಮಪ್ಪನ ಹೆಸರು ಎಲ್ಲೈತಿ?”

“ಇಲ್ಲ. ರೋಗಿ ಅಂತ ಅಷ್ಟ ಐತಿ. ವರದಿಯಾಗ ಹೆಸರು ಹಾಕಬಾರದಂತ ನಮ್ಮ ಸರ್ ಹೇಳ್ಯಾರ.”

“ಗಂಡನ ಹೆಸರು ನಾ ಎಂದೂ ಬಾಯಿಲೆ ಅಂದಾಕಿ ಅಲ್ಲ. ಈಗ ನೀನೂ ಬಿಟ್ಟಿ.”

“ಹಂಗ ಬರದ್ರನ ಅದನ್ನ ವರದಿ ಅಂತಾರವ್ವಾ.”

ಮಗ ಹಾಳೆ ಮಡಚಿದ ಸದ್ದು ಕೇಳಿಸಿತು.

“ಬರೀಬ್ಯಾಡ ತಮ್ಮಾ. ಒಮ್ಮೆ ಬಾಯಿಲೆ ಅನ್ನು, ನಾ ಕೇಳ್ತೀನಿ.”

“ಕುಬೇರಪ್ಪ.”

“ಪೂರಾ ಅನ್ನು.”

“ಕುಬೇರಪ್ಪ ಮಡಿವಾಳೆಪ್ಪ ಅಂಗಡಿ.”

ನಾನು ತಿರುಗಿ ನೋಡಿದೆ. ಮನೆಗೆ ಹಿರಿಯರು ಬಂದಾಗ ಹೆಂಗಸರು ಮಾಡುವಂತೆ ಆಕೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಹುಬ್ಬಳ್ಳಿ ಬಸ್ ಬಂತು. ಮಗ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಮುಂದೆ ನಡೆದ. ಆಕೆ ಆ ಸೆರಗು ಇಳಿಸದೆ ಅವನ ಹಿಂದೆ ಹೋದಳು.