ಹೆಬ್ಬೆರಳಿನ ಕೊಂಬು

ಇಲಿ ಕಡ್ದಿರ್ಬೇಕು ಅಂದ್ನಲ್ಲ, ಪಾಲಾಕ್ಷ! ಎಷ್ಟು ಸಲ ಹೇಳ್ಲಿ? ಅಟ್ಟದ ಮೇಲಿತ್ತು, ಇಲಿ ಕಡೀತು, ತುದಿ ಸವೀತು... ಯಾಕ್ಲಾ ನಗ್ತೀಯಾ? ಅವ್ವ ಅಂದ್ರೆ ಅಷ್ಟು ದಡ್ಡಿ ಅಂದ್ಕಂಡಿದ್ದೀಯಾ?

ಸರಿ, ಸರಿ. ಕಲ್ಲಾಗಿರೋ ಮೂಳೇನ ಇಲಿ ಕಡಿಯಲ್ಲ. ಒಪ್ಕಂಡೆ. ಮೊದ್ಲು ಕೂತ್ಕೊ. ಮೈಸೂರಿಂದ ಆ ಇದ್ದಿಲು ಬಸ್ಸಲ್ಲಿ ಮೈಯೆಲ್ಲಾ ಮಸಿ ಮಾಡ್ಕಂಡು ಬಂದಿದ್ದೀಯಾ. ಮುಖ ತೊಳ್ಕೊ, ಮಜ್ಜಿಗೆ ಕುಡಿ. ಒಳಗೆ ನಿನ್ನ ಎಂಡ್ತಿ ನೀಲಾಂಬಿಕೆ ಈಗ ತಾನೆ ಮಗೂನ ಮಲಗಿಸವ್ಳೆ. ಅದನ್ನ ನೋಡೋದು ಬಿಟ್ಟು ಬಂದೋನೇ ಪೆಟ್ಟಿಗೆ ಮುಚ್ಚಳ ತೆಗೆದು ಕೂತ್ರೆ ಏನರ್ಥ?

ಜಪಾನಿನೋರು ಬಾಂಬು ಆಕ್ತಾರೆ, ನೀನು ಪಾಠ ಮಾಡೋ ಕಾಲೇಜಲ್ಲಿ ಇದು ಉಳಿಯಲ್ಲ ಅಂತ ಈ ಪೆಟ್ಟಿಗೇನ ಹರದನಹಳ್ಳಿಗೆ ಒತ್ಕಂಡು ಬಂದೋನು ನೀನು. ನಾನೇನು ಕೇಳಿದ್ನಾ? ನೀನೇ ಬಿಚ್ಚಿ ತೋರಿಸ್ದೆ. ಇಗ್ವಾನೋ ಪಗ್ವಾನೋ... ಊಂ, ಅದೇ, ಇಗ್ವಾನೊಡಾನ್. ಕೋಟ್ಯಂತರ ವರ್ಷದ ಹಿಂದಿನ ಆನೆಯಂಥ ಪ್ರಾಣಿ, ಬಾತುಕೋಳಿ ಮೂತಿ ಇರೋ ಅದ್ಯಾವುದಕ್ಕೋ ದೊಡ್ಡಪ್ಪನ ಕಡೇದು, ಬರೀ ಸೊಪ್ಪುಸದೆ ತಿನ್ಕಂಡು ಇತ್ತು ಅಂದೆ. ಅಂಗಾರೆ ನಮ್ಮ ಪೈಕಿನೇ ಬುಡು, ಲಿಂಗ ಕಟ್ಟೋದೊಂದು ಬಾಕಿ ಅಂದೆ ನಾನು. ಇಬ್ರೂ ಎಷ್ಟು ನಕ್ವಿ ಅವತ್ತು! ಈ ಚೂಪಾಗಿರೋದು ಅದರ ಹೆಬ್ಬೆರಳ ಮುಳ್ಳು, ಮೊದ್ಲು ಬಿಳೀ ದೊರೆಗಳೇ ಮೋಸೋಗಿ ಇದನ್ನ ಮೂಗಿನ ಮೇಲಿನ ಕೊಂಬು ಅಂತ ಇಟ್ಟಿದ್ರು, ಅಂದ್ಯಾ ಇಲ್ವಾ? ಅಷ್ಟು ಓದಿದೋರೇ ಕೊಂಬು ಅಂದ್ಮೇಲೆ ನಾನು ಕೊಂಬು ಅಂದ್ರೆ ತಪ್ಪಾ?

ಊಂ... ತೇದೆ. ಸಾಣೆಕಲ್ಲಿನ ಮೇಲೆ ತೇದೆ. ತೇದು ತೇದು ಕೈ ಸೋತೋಯ್ತು. ಏನ್ ಮಾಡ್ಲಿ ಹೇಳು? ಊರಿಗೆಲ್ಲಾ ನಾಯಿಕೆಮ್ಮು. ಹೊಳೆನರ್ಸೀಪುರದ ಡಾಕ್ಟ್ರು, ಮದ್ದೆಲ್ಲಾ ಯುದ್ಧಕ್ಕೋಯ್ತು ಕಣಮ್ಮ ಅಂತ ಕೈ ಆಡಿಸ್ಬುಟ್ರು. ನಿನ್ನ ಮಗ ಕೆಮ್ಮಿ ಕೆಮ್ಮಿ ತುಟಿ ನೀಲಿ ಮಾಡ್ಕಂಡಿದ್ದ. ನಮ್ಮತ್ತೆ ಕಾಲದಿಂದ್ಲೂ ಕೆಮ್ಮಿಗೆ ಜಿಂಕೆ ಕೊಂಬು ತೇದು ಜೇನುತುಪ್ಪದಲ್ಲಿ ನೆಕ್ಕಿಸೋದೇ. ನಿನಗೂ ನೆಕ್ಕಿಸಿದೀನಿ, ಅದಕ್ಕೇ ಇಷ್ಟುದ್ದ ಬೆಳೆದಿದ್ದೀಯಾ. ಆ ಹಳೇ ಕೊಂಬು ಸವೆದು ಸವೆದು ಉಗುರಿನಷ್ಟಾಗಿತ್ತು. ಇದು ನೋಡಿದ್ರೆ ಗೇಣುದ್ದ ಐತೆ, ಅಟ್ಟದ ಮೇಲೆ ಸುಮ್ನೆ ಬಿದ್ದೈತೆ...

ಏಯ್, ಯಾಕೆ ಎದ್ದೆ? ಕೂತ್ಕೊ! ನಿನ್ನ ಮಗನಿಗೆ ಕೊಟ್ಟಿಲ್ಲ. ಕೊರಳಲ್ಲಿರೋ ಲಿಂಗದಾಣೆ, ಒಂದು ತೊಟ್ಟೂ ಕೊಟ್ಟಿಲ್ಲ. ಬೇಕಾರೆ ನೀಲಾಂಬಿಕೆನ ಕೇಳು.

ಮತ್ತೆ ತೇದಿದ್ದು ಎಲ್ಲಿಗೋಯ್ತು ಅಂತ ತಾನೆ ಆ ನೋಟ? ನಮ್ಮ ಹೊಲ ಗೇಯೋ ದೊಡ್ಡಯ್ಯ ಇಲ್ವಾ... ಅವನ ಕೂಸಿಗೂ ಅದೇ ಕೆಮ್ಮು. ಅವನ ಎಂಡ್ತಿ ಮಲ್ಲಿಗಮ್ಮ ಇವತ್ತು ಬೆಳಿಗ್ಗೆ ಹಿತ್ತಲ ಬಾಗ್ಲಲ್ಲಿ ನಿಂತು ಅತ್ಲು. ಕನಿಕರ ಬಂತು, ಕೊಟ್ಟೆ. ಧರ್ಮಕ್ಕೆ ಕೊಟ್ಟೆ! ಈ ಕಾಲದಲ್ಲಿ ಉಪಕಾರ ಮಾಡೋದೂ ತಪ್ಪಾ?

ಆಮೇಲೆ ವಾಂತಿ ಆಯ್ತಂತೆ. ಕಫ ಕಿತ್ಕಂಡು ಬತ್ತಾ ಐತೆ, ಒಳ್ಳೇದೇ ಆಯ್ತು ಅಂತ ನಾನೇ ಹೇಳಿ ಕಳಿಸ್ದೆ. ಭೇದಿನೂ ಐತಂತೆ... ಕೂಸು ಅಂದ್ಮೇಲೆ ಅವೆಲ್ಲಾ ಇದ್ದಿದ್ದೇ. ಯಾಕ್ಲಾ ಇಂಗೆ ಬೆವರ್ತಾ ಇದ್ದೀಯಾ? ಮಜ್ಜಿಗೆ ಕುಡಿ.

ಅದೇನು, ಪೆಟ್ಟಿಗೆ ಒಳಗಿನ ಹುಲ್ಲು ಕೆದಕ್ತಾ ಇದ್ದೀಯಾ? ಆ ಬಿಳೀ ಪುಡೀನಾ? ಅದು ಗೆದ್ದಲು ಹತ್ತಬಾರದು ಅಂತ ಹುಲ್ಲಿಗೆ ಉದುರಿಸಿದ್ದು ತಾನೆ, ಕೊಂಬಿಗಲ್ವಲ್ಲ! ಅಲ್ದೆ ನಾನೇನು ಅಂಗಂಗೇ ತೇಯ್ಲಿಲ್ಲ ಕಣಪ್ಪಾ. ಬಿಸಿನೀರಲ್ಲಿ ತೊಳ್ದೆ. ಸೀಗೆಪುಡಿ ಆಕಿ ಉಜ್ಜಿದೆ. ಹುಣಸೆಹಣ್ಣಲ್ಲಿ ತಿಕ್ಕಿದೆ. ಆಮೇಲೆ ಇನ್ನೊಂದ್ಸಲ ಬಿಸಿನೀರು...

ಯಾಕೆ ಅಂಗೆ ನೋಡ್ತೀಯಾ? ಧೂಳು ತೊಳ್ದೆ. ಧೂಳು ಕಣ್ಲಾ!

ಏನಾದ್ರೂ ಮಾತಾಡು. ಬೈಯಿ, ಅವ್ವನಿಗೆ ಬುದ್ಧಿ ಇಲ್ಲ ಅನ್ನು. ಇಂಗೆ ಕಲ್ಲಿನಂಗೆ ನಿಂತ್ಕಬೇಡ. ಜಿಂಕೆ ಕೊಂಬಿನಂಥದ್ದೇ ಅಂತ ನಂಬಿದ್ದೆ. ನೂರಕ್ಕೆ ನೂರು ನಂಬಿದ್ದೆ. ನಂಬ್ದೆ ಯಾರಾದ್ರೂ ಹಸುಗೂಸಿನ ಬಾಯಿಗೆ... ಅಷ್ಟು ನಂಬಿದ್ದೋಳು ತುಟಿ ನೀಲಿ ಮಾಡ್ಕಂಡಿದ್ದ ಮೊಮ್ಮಗನಿಗೆ ಯಾಕೆ ಕೊಡ್ಲಿಲ್ಲ ಅಂತಾ?

...ನೀನು ಕೇಳ್ಲಿಲ್ಲ. ನೀನು ಬಾಯೇ ಬಿಡ್ಲಿಲ್ಲ. ನಾನೇ ಅಂದ್ಬುಟ್ನಲ್ಲ, ಶಿವನೇ!

ಕೇಳಿಸಿತ್ತು ಕಣ್ಲಾ. ಪಾಷಾಣ ಆಕಿದ್ದೀನಿ, ಯಾರೂ ಮುಟ್ಬೇಡಿ ಅಂತ ನೀನು ಓಗೋವಾಗ ಬಾಗ್ಲಲ್ಲಿ ನಿಂತು ಹೇಳಿದ್ದು ಕೇಳಿಸಿತ್ತು. ತೊಳೆದ್ರೆ ಓಯ್ತದೆ ಅಂದ್ಕಂಡೆ. ಜೇನುತುಪ್ಪ ಕಲಸಿ ಮಗಿನ ಬಾಯಿ ತನಕ ತಂದೆ, ಬಟ್ಟಲು ಕೆಳಗಿಟ್ಬುಟ್ಟೆ. ಪಾಷಾಣ ಪೂರಾ ಓಗಿದ್ದದೋ ಇಲ್ವೋ... ಅಷ್ಟರಲ್ಲಿ ಮಲ್ಲಿ ಬಂದ್ಲು. ಸಂಜೆ ತನಕ ಅವಳ ಕೂಸು ಚೆನ್ನಾಗಿದ್ರೆ ನಮ್ಮ ಕೂಸಿಗೂ ಕೊಡಾನ ಅಂತ...

ಎಲ್ಲಿಗೋಯ್ತೀಯಾ? ಪಾಲಾಕ್ಷ! ಗಾಡಿ ಕಟ್ಟು, ಆ ಕೂಸನ್ನ ನರ್ಸೀಪುರಕ್ಕೆ ಕರ್ಕಂಡೋಗು, ಬೇಡ ಅನ್ನಲ್ಲ. ಆದ್ರೆ ಮಲ್ಲಿಗೆ ಮಾತ್ರ ಹೇಳ್ಬೇಡ್ಲಾ. ಏನಂತ ಹೇಳ್ತೀಯಾ ಅವಳಿಗೆ? ಆ ಬಟ್ಟಲನ್ನ ಎರಡು ಕೈಲಿ ಇಸ್ಕಂಡು, ನನ್ನ ಕಾಲು ಮುಟ್ಟಿ ಕಣ್ಣಿಗೊತ್ಕಂಡು ಓದ್ಲು ಕಣ್ಲಾ...