ಎದುರಿಗೆ ಯಾರೂ ಬರುವುದಿಲ್ಲ

ನಂಬುವವರು ನಂಬಿ. ನಂಬದವರು ಒಂದು ರಾತ್ರಿ ಮೊಸಳೆ ಊರಿನ ಕಡೆಯಿಂದ ಹಾಸನಕ್ಕೆ ಒಬ್ಬರೇ ನಡೆದು ಬನ್ನಿ, ಆಮೇಲೆ ಮಾತಾಡೋಣ.

ನಮ್ಮ ದೊಡ್ಡಪ್ಪನ ಮಗ ಈಶ್ವರಯ್ಯ ಹಾಗೆ ಬಂದವನು. ನಲವತ್ತೆಂಟನೇ ಇಸವಿ, ಬೇಸಿಗೆ. ರಾತ್ರಿ ಹನ್ನೆರಡು ದಾಟಿತ್ತು. ಹಾಸನ ಇನ್ನೂ ಮೂರು ಮೈಲಿ. ಮೋಟಾರ್ ಸೈಕಲ್ಲು ಇತ್ತು, ಆದರೆ ಅವನು ಅದರ ಮೇಲಿರಲಿಲ್ಲ... ತಳ್ಳಿಕೊಂಡು ಬರುತ್ತಿದ್ದ. ಪೆಟ್ರೋಲು ಮುಗಿದಿತ್ತು.

ಮುಗಿಯುವಂಥದ್ದಲ್ಲ. ಆಗ ಪೆಟ್ರೋಲಿಗೆ ರೇಷನ್ ಕೂಪನ್ನು. ಈಶ್ವರಯ್ಯ ಅಳೆದು ಸುರಿದಿದ್ದ, ಹೋಗಿ ಬಂದರೂ ಮಿಗಬೇಕಿತ್ತು. ಹಾಗಾದರೆ ಎಲ್ಲಿ ಹೋಯಿತು? ಹೊಳೆನರಸೀಪುರದ ಸಿನಿಮಾ ಟೆಂಟಿನಲ್ಲಿ ಇಂಜಿನ್ನು ನೋಡಿಕೊಳ್ಳುವ ದ್ಯಾವಯ್ಯನ ಮೇಲೆ ಅವನಿಗೆ ಗುಮಾನಿ. ‘ಸಿಕ್ಕಲಿ ನನ್ನ ಮಗ’ ಎಂದು ಬೈದುಕೊಳ್ಳುತ್ತ ತಳ್ಳುತ್ತಿದ್ದ.

ಈಶ್ವರಯ್ಯನ ಕಸುಬು ಸಿನಿಮಾ ರೀಲು ಸಾಗಿಸುವುದು. ಹಾಸನದ ಟೆಂಟಿಗೂ ಹೊಳೆನರಸೀಪುರದ ಟೆಂಟಿಗೂ ಸೇರಿ ಒಂದೇ ಸಿನಿಮಾ. ಹಾಸನದಲ್ಲಿ ಮೊದಲನೇ ಆಟ ಮುಗಿದ ಕೂಡಲೇ ರೀಲಿನ ಡಬ್ಬಗಳನ್ನು ಗಾಡಿಗೆ ಬಿಗಿದು, ಅಲ್ಲಿ ಎರಡನೇ ಆಟ ಶುರುವಾಗುವುದರೊಳಗೆ ಮುಟ್ಟಿಸಬೇಕು. ಮುಟ್ಟಿಸಿ ಅವನು ವಾಪಸ್ಸು. ಬೆಳಿಗ್ಗೆ ಇನ್ನೊಬ್ಬ ಹೋಗಿ ರೀಲು ತರಬೇಕು. ಆ ಇನ್ನೊಬ್ಬ, ನಾಳೆ ಬೆಳಿಗ್ಗೆಯಿಂದ, ಈಶ್ವರಯ್ಯನ ಹೆಂಡತಿಯ ತಮ್ಮ ಷಡಕ್ಷರಿ. ಇಪ್ಪತ್ತೆರಡು ವರ್ಷ. ಮೊದಲ ಸಲ ಒಬ್ಬನೇ ರಸ್ತೆಗೆ ಇಳಿಯುವವನಿದ್ದ.

ಕಲಿಸಿದವನು ಈಶ್ವರಯ್ಯನೇ. ಯುದ್ಧದಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಕಾಗದ ಒಯ್ಯುವ ಸಿಪಾಯಿಗಳಿಗೆ ಪಾಠ ಹೇಳುತ್ತಿದ್ದವನು ಅವನು. ಕಲಿಸುವುದೆಲ್ಲ ಟ್ರ್ಯಾಕಿನ ಮೇಲೆ. ದುಂಡನೆಯ ದಾರಿ, ಎಲ್ಲರೂ ಒಂದೇ ದಿಕ್ಕಿಗೆ, ಎಡಕ್ಕೆ ಎಡಕ್ಕೆ ಸುತ್ತು. ಊರಿಗೆ ಬಂದವನು ಮಿಲಿಟರಿಯವರು ಹರಾಜು ಹಾಕಿದ ಗಾಡಿಯೊಂದನ್ನು ಕೊಂಡ, ಸಾಲಗಾಮೆ ಕಡೆ ಒಣಗಿದ ಕೆರೆಯ ಅಂಗಳದಲ್ಲಿ ಸುಣ್ಣದ ಪುಡಿ ಹಾಕಿ ಅಂಥದ್ದೇ ಟ್ರ್ಯಾಕು ಎಳೆದ. ನಟ್ಟನಡುವೆ ಒಂದು ವೀರಗಲ್ಲು ಇತ್ತು. ಗುರುತಿಗೆ ಅನುಕೂಲವಾಯಿತು ಅಂದುಕೊಂಡ. ದೇವರ ಕಲ್ಲನ್ನು ಬಲಕ್ಕಿಟ್ಟು ಸುತ್ತಬೇಕೆನ್ನುವುದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಮಿಲಿಟರಿ ರೂಲು ಬೇರೆ ಎಂದ.

“ಒಳಗಿನ ಗೆರೆ ಹಿಡಿ,” ಎಂದು ದಡದ ಮೇಲೆ ನಿಂತು ಕೂಗುವನು. “ಮುಂದಿನ ತಿರುವು ನೋಡು. ಹೆದರ್ಬೇಡ, ಎದುರಿಗೆ ಯಾರೂ ಬರೋದಿಲ್ಲ!”

ಈ ಟ್ರ್ಯಾಕಿನಲ್ಲಿ ಸುತ್ತು ಹೊಡೆದವನು ರಸ್ತೆಯಲ್ಲಿ ಎಂದೂ ಬೀಳುವುದಿಲ್ಲ ಎನ್ನುವುದು ಅವನ ವಾದ. ಪೂರಾ ಸುಳ್ಳು ಅಂತ ನಾನೂ ಹೇಳುವುದಿಲ್ಲ. ಒಂದು ಸಲ ಹಾಸನದ ಪೇಟೆಯಲ್ಲಿ ಎಮ್ಮೆ ಅಡ್ಡ ಬಂದಾಗ ಅವನು ಬ್ರೇಕು ಹಿಡಿದು ಗಾಡಿ ನಿಲ್ಲಿಸಿದ ಪರಿ ನಾನೇ ಕಂಡಿದ್ದೇನೆ, ಬೇರೆ ಯಾರಾದರೂ ಆಗಿದ್ದರೆ ಎಮ್ಮೆಯ ಮೇಲಿರುತ್ತಿದ್ದರು. ಆದರೆ ರಾಮಣ್ಣನ ವಿಷಯ ಇತ್ತಲ್ಲ...

ಮೊಸಳೆಯ ಒಕ್ಕಲಿಗರ ಹುಡುಗ ರಾಮಣ್ಣ. ಈಶ್ವರಯ್ಯನ ಮೊದಲನೇ ಶಿಷ್ಯ. ಅವನ ತಾಯಿ ಬೆಟ್ಟಮ್ಮ ಒಂದು ದಿನ ಕೆರೆ ಅಂಗಳಕ್ಕೆ ಬಂದು ನೋಡಿದವಳೇ ಬಾಯಿಗೆ ಸೆರಗು ಹಿಡಿದಿದ್ದಳು. “ಎಡುಕ್ ಸುತ್ತುಸ್ಬ್ಯಾಡಿ ಸಾ. ಎಡುಕ್ ಸುತ್ತಾದು ಸುಡುಗಾಡ್ನಾಗೆ.” ಈಶ್ವರಯ್ಯ ನಕ್ಕು ಕಳಿಸಿದ. ಆಮೇಲೆ ನಲವತ್ತೇಳರ ಬೇಸಿಗೆಯಲ್ಲಿ, ರೀಲು ಮುಟ್ಟಿಸಿ ಬರಿಗೈಯಲ್ಲಿ ವಾಪಸ್ಸು ಬರುವಾಗ, ಆಲದ ಮರದ ತಿರುವಿನಲ್ಲಿ ರಾಮಣ್ಣ ಎತ್ತಿನ ಗಾಡಿಗೆ ಗುದ್ದಿ ಅಲ್ಲೇ ತೀರಿಕೊಂಡ. ಅವಸರವೇನೂ ಇರಲಿಲ್ಲ. ಹಾಸನದಿಂದ ಸಂತೆ ಮುಗಿಸಿ ಬರುವ ಗಾಡಿಯವರು ರಾತ್ರಿ ಮಲಗಿಬಿಡುತ್ತಾರೆ, ದಾರಿ ಎತ್ತುಗಳಿಗೆ ಗೊತ್ತು. ಗಾಡಿ ತನ್ನ ಪಾಡಿಗೆ ತನ್ನ ಮಗ್ಗುಲಲ್ಲಿ ಬರುತ್ತಿತ್ತು. ತಿರುವು ಬಲಕ್ಕೆ. ರಾಮಣ್ಣ ಒಳಗಿನ ಗೆರೆ ಹಿಡಿದಿದ್ದ, ಅಂದರೆ ಎದುರಿನಿಂದ ಬರುವವರ ಮಗ್ಗುಲು.

ಮುರಿದ ಮೋಟಾರ್ ಸೈಕಲ್ಲನ್ನು ಈಶ್ವರಯ್ಯ ಬಡಿದು ರಿಪೇರಿ ಮಾಡಿದ. ಈಗ ತಳ್ಳುತ್ತಿದ್ದದ್ದು ಅದನ್ನೇ.

ಅವತ್ತು ಸಂಜೆ ಹೊರಡುವಾಗ ಮನೆಯಲ್ಲಿ ಮಾತಾಗಿತ್ತು.

“ಷಡಕ್ಷರೀನ ಬೆಳಿಗ್ಗೆ ಒಬ್ಬನ್ನೇ ಕಳಿಸ್ಬೇಡಿ ಅಂದ್ರೆ,” ಎಂದಿದ್ದಳು ಹೆಂಡತಿ ನೀಲಾಂಬಿಕೆ. “ನನ್ನೆದೆ ಡವಡವ ಅಂತದೆ.”

“ಮುನ್ನೂರು ಸುತ್ತು ಹೊಡ್ದವ್ನೆ ಕಣೇ. ಒಂದೇ ಒಂದ್ಸಲ ಬಿದ್ದಿಲ್ಲ.”

“ರಾಮಣ್ಣಾನೂ ಬಿದ್ದಿರ್ಲಿಲ್ಲ.”

ಈಶ್ವರಯ್ಯ ಗಾಡಿ ಒದ್ದು ಹೊರಟಿದ್ದ. ಆ ಮಾತು ಮಾತ್ರ ಅವನ ಜೊತೆಯಲ್ಲೇ ಬಂದಿತ್ತು, ಮುಳ್ಳಿನ ಹಾಗೆ.

ಈಗ ಆಲದ ಮರ ಕಾಣಿಸಿತು. ಚಂದ್ರ ಇರಲಿಲ್ಲ, ನಕ್ಷತ್ರದ ಬೆಳಕು. ಮರದ ಒಂದು ಪಕ್ಕಕ್ಕೆ ರಸ್ತೆ, ಇನ್ನೊಂದು ಪಕ್ಕಕ್ಕೆ ಉತ್ತ ಹೊಲ. ಗಾಡಿಯ ಚೈನು ಕಿರ್... ಕಿರ್... ಎನ್ನುತ್ತಿತ್ತು. ಬೂಟು ಜಲ್ಲಿಯ ಮೇಲೆ ಕರಕ್... ಕರಕ್... ಬೇರೆ ಸದ್ದಿಲ್ಲ. ಜೀರುಂಡೆ ಕೂಡ ಇಲ್ಲ, ಅದನ್ನು ಅವನು ಆಮೇಲೆ ನೆನಪು ಮಾಡಿಕೊಂಡದ್ದು.

ಮರದ ಹಿಂದೆ ಇಂಜಿನ್ನು ಶುರುವಾಯಿತು.

ಡುಗ್ ಡುಗ್ ಡುಗ್ ಡುಗ್... ಟಿಕ್. ಡುಗ್ ಡುಗ್ ಡುಗ್ ಡುಗ್... ಟಿಕ್.

ಈಶ್ವರಯ್ಯ ನಿಂತ. ಆ ಸುತ್ತಮುತ್ತ ಮೋಟಾರ್ ಸೈಕಲ್ಲು ಇದ್ದದ್ದು ಮೂರೋ ನಾಲ್ಕೋ. ಸದ್ದಿನ ಮೇಲೇ ಯಾರದೆಂದು ಹೇಳಬಲ್ಲವನು ಅವನು. ನಾಲ್ಕು ಸಲ ಡುಗ್ ಎಂದ ಮೇಲೆ ಟಿಕ್ ಎನ್ನುವುದು ಒಂದೇ ಒಂದು ಗಾಡಿ, ರಿಪೇರಿ ಆದ ಮೇಲೂ ಆ ಟಿಕ್ ಹೋಗಿರಲಿಲ್ಲ. ಆ ಗಾಡಿಯ ಹ್ಯಾಂಡಲ್ಲು ಅವನ ಎರಡು ಕೈಯಲ್ಲೂ ಇತ್ತು.

ಬಗ್ಗಿ ಇಂಜಿನ್ನು ಮುಟ್ಟಿ ನೋಡಿದ. ತಣ್ಣಗಿತ್ತು.

ಸದ್ದು ಮರದ ಹಿಂದಿನಿಂದ ಹೊರಟು ರಸ್ತೆಗೆ ಬಂತು, ಅವನ ಮುಂದೆಯೇ ಹಾದು ಮತ್ತೆ ಹೊಲಕ್ಕೆ ಇಳಿಯಿತು. ದೀಪವಿಲ್ಲ. ಧೂಳಿಲ್ಲ. ಗಾಳಿ ಮಾತ್ರ ಅವನ ಷರಾಯಿಯನ್ನು ಪಟಪಟ ಎನ್ನಿಸಿತು. ಉತ್ತ ಹೊಲದಲ್ಲಿ ಗಾಡಿ ಹೂತುಹೋಗಬೇಕು, ಇಂಜಿನ್ನು ಒದ್ದಾಡಬೇಕು. ಇದು ಕೆರೆ ಅಂಗಳದ ಗಟ್ಟಿ ನೆಲದ ಮೇಲೆ ಹೋದ ಹಾಗೆ ಸಲೀಸಾಗಿ ಹೋಯಿತು. ಎಡಕ್ಕೆ... ಎಡಕ್ಕೆ... ಆಲದ ಮರವನ್ನು ಸುತ್ತಿ.

‘ಷಡಕ್ಷರಿ,’ ಅಂದುಕೊಂಡ ಈಶ್ವರಯ್ಯ. ಬೆವರು ಇಳಿಯುತ್ತಿದ್ದರೂ ಅನುಮಾನಪಡುವುದನ್ನು ಬಿಡಲಿಲ್ಲ ಮಹಾರಾಯ. ಯಾರದೋ ಗಾಡಿ ಎರವಲು ತಂದಿದ್ದಾನೆ. ನನ್ನನ್ನು ಹೆದರಿಸಲು ಬಂದಿದ್ದಾನೆ.

“ಲೋ ಷಡಕ್ಷರಿ! ನಾಟಕ ಸಾಕು ಕಣೋ!”

ಸದ್ದು ಎರಡನೇ ಸುತ್ತು ಬಂತು. ಹತ್ತಿರ... ಇನ್ನೂ ಹತ್ತಿರ... ಕಿವಿಯ ಪಕ್ಕದಲ್ಲೇ ಯಾರೋ ಉಸಿರಿನಲ್ಲಿ ಹೇಳಿದ ಹಾಗೆ,

“ಸಾ...”

ಷಡಕ್ಷರಿ ಅವನನ್ನು ಭಾವ ಅನ್ನುತ್ತಾನೆ. ಶಿಷ್ಯರಲ್ಲಿ ಸಾ ಅನ್ನುತ್ತಿದ್ದವನು ಒಬ್ಬನೇ.

ಮೂರನೇ ಸುತ್ತು.

“ಸಾ... ಎದ್ರುಗ್ ಯಾರೋ ಬತ್ತಾವ್ರೆ ಸಾ...”

ಈಶ್ವರಯ್ಯ ಗಾಡಿಯನ್ನು ಮೈಗೆ ಆನಿಸಿಕೊಂಡು ಸದ್ದು ಹೋದ ಕಡೆಗೇ ನೋಡಿದ.

ನಾಲ್ಕನೇ ಸುತ್ತು.

“ಏನ್ ಮಾಡ್ಲಿ ಸಾ?”

ಅಷ್ಟೇ ಕೇಳಿದ್ದು. ಬೈಗುಳವಲ್ಲ, ಅಳುವಲ್ಲ. ಪಾಠ ಕೇಳುವ ಹುಡುಗ ಕೇಳುವ ಹಾಗೆ. ಈಶ್ವರಯ್ಯ ಹೇಳಿಕೊಟ್ಟದ್ದನ್ನೆಲ್ಲ ನೆನೆದ. ಗೇರು, ಬ್ರೇಕು, ಮೈ ಓರೆ ಮಾಡುವುದು, ಮುಂದಿನ ತಿರುವು ನೋಡುವುದು... ಈ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತಂತೆ. ಯುದ್ಧದಲ್ಲೂ ಅಳದ ಮನುಷ್ಯ ಅಲ್ಲಿ ನಿಂತು ಗಳಗಳ ಅತ್ತ.

“ನಿಧಾನ ಮಾಡಪ್ಪಾ ರಾಮಣ್ಣ,” ಎಂದ. ದನಿ ಪಿಸುಮಾತಾಗಿ ಬಂತು. “ಒಳಗಿನ ಗೆರೆ ಬಿಟ್ಬುಡು. ಎಡಕ್ಕೆ ಸರ್ಕೋ. ನಿಂತ್ಕೋ... ನಿಂತ್ಕೊಂಡ್ರೆ ಅವಮಾನ ಇಲ್ಲ ಕಣಪ್ಪಾ.”

ಗೇರು ಇಳಿಯಿತು. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಅವನು ಕಲಿಸಿದ ಹಾಗೇ ಒಂದಿಷ್ಟೂ ಕುಲುಕದೆ. ಡುಗ್... ಡುಗ್... ಡುಗ್...

ಟಿಕ್.

ನಿಂತಿತು.

ಆಗ ಈಶ್ವರಯ್ಯ ತನ್ನ ಕಾಲ ಕೆಳಗೆ ನೋಡಿದ. ಅವನು ನಿಂತಿದ್ದದ್ದು ರಸ್ತೆಯ ಬಲ ಅಂಚಿನಲ್ಲಿ. ತಿರುವಿನ ಒಳಗಿನ ಗೆರೆಯ ಮೇಲೆ! ಗಾಡಿ ತಳ್ಳಿಕೊಂಡು ಬರುವಾಗಲೂ ಕಾಲು ತಾನಾಗಿ ಅಲ್ಲಿಗೇ ಹೋಗಿತ್ತು. ತಾನು ಹೇಳಿದ ಮಾತನ್ನೇ ಪಾಲಿಸುವವನ ಹಾಗೆ ಗಾಡಿಯನ್ನು ಎಡಕ್ಕೆ ಎಳೆದುಕೊಂಡ. ಎಳೆದು ನಿಲ್ಲಿಸಿದ್ದಷ್ಟೇ, ತಿರುವಿನ ಆಚೆಯಿಂದ ನಾಲ್ಕು ಎತ್ತಿನ ಗಾಡಿಗಳು ಸಾಲಾಗಿ ಬಂದವು. ಒಂದಕ್ಕೂ ಲಾಟೀನಿಲ್ಲ. ಒಬ್ಬ ಗಾಡಿಯವನಿಗೂ ಎಚ್ಚರವಿಲ್ಲ. ಚಕ್ರಗಳು ಅವನು ಈಗ ತಾನೇ ನಿಂತಿದ್ದ ಜಾಗವನ್ನು ಕಟಕಟ ತುಳಿದು ಹೋದವು.

ಮನೆ ಮುಟ್ಟಿದಾಗ ಎರಡು ಗಂಟೆ ಆಗಿತ್ತು. ನೀಲಾಂಬಿಕೆ ಬಾಗಿಲು ತೆಗೆದಳು.

“ಷಡಕ್ಷರಿ ಎಲ್ಲಿ?”

“ಜಗುಲಿ ಮೇಲೆ ಮಲ್ಗವ್ನಲ್ಲ. ಉಂಡು ಮಲಗಿದೋನು ಎದ್ದೇ ಇಲ್ಲ. ಯಾಕ್ರೀ, ಮುಖ ಯಾಕೆ ಹಿಂಗಾಗದೆ?”

“ಅವನು ಬೆಳಿಗ್ಗೆ ಹೋಗೋದಿಲ್ಲ,” ಎಂದ ಈಶ್ವರಯ್ಯ. “ನಾನೇ ಬಸ್ಸಲ್ಲಿ ಹೋಗಿ ರೀಲು ತರ್ತೀನಿ. ಅವನಿಗೆ ಮತ್ತೆ ಮೊದಲಿಂದ ಕಲಿಸ್ಬೇಕು. ನಾನೂ ಕಲೀಬೇಕು.”

ನೀಲಾಂಬಿಕೆಗೆ ಹೋದ ಜೀವ ಬಂದ ಹಾಗಾಯಿತು. ಕಾರಣ ಕೇಳಲಿಲ್ಲ. ಗಾಡಿಯನ್ನು ಅಂಗಳದಲ್ಲಿ ಬಯಲಿಗೇ ನಿಲ್ಲಿಸಿ ಇಬ್ಬರೂ ಒಳಗೆ ಹೋದರು.

ಆದರೆ ಜಗುಲಿಯ ಮೇಲೆ ಮಲಗಿದ್ದವನಿಗೆ ಕಿವಿ ಇರಲಿಲ್ಲವೆ? ಷಡಕ್ಷರಿಗೆ ಎಲ್ಲ ಕೇಳಿಸಿತ್ತು. ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದ, ನಾಳೆ ರೀಲು ತರುವವನು ನಾನೇ ಎಂದು. ಕೋಳಿ ಕೂಗುವ ಹೊತ್ತಿಗೆ ಸದ್ದಿಲ್ಲದೆ ಎದ್ದ. ಹುಲ್ಲಿನ ಮೆದೆಯಿಂದ ಒಂದು ಸೀಸೆ ಹೊರಗೆ ತೆಗೆದ. ತುಂಬ ಪೆಟ್ರೋಲು. ಭಾವನಿಗೆ ತಿಳಿಯದ ಹಾಗೆ ಹಿಂದಿನ ದಿನ ಗಾಡಿಯಿಂದಲೇ ಇಳಿಸಿಟ್ಟದ್ದು, ಟ್ರ್ಯಾಕಿನಲ್ಲಿ ಇನ್ನಷ್ಟು ಸುತ್ತು ಹೊಡೆಯಲು. ಪಾಪ, ದ್ಯಾವಯ್ಯ ಸುಮ್ಮನೆ ಬೈಸಿಕೊಂಡಿದ್ದ.

ಟ್ಯಾಂಕಿಗೆ ಸುರಿದ. ಮುಚ್ಚಳ ಹಾಕಿದ. ಗಾಡಿಯ ಸೀಟಿನ ಮೇಲೆ, ಹ್ಯಾಂಡಲ್ಲಿನ ಮೇಲೆ ಇಬ್ಬನಿ ಹನಿಗಟ್ಟಿತ್ತು. ಪೆಟ್ರೋಲಿನ ಕೊಳಾಯಿ ತಿರುಗಿಸಲು ಟ್ಯಾಂಕಿನ ಕೆಳಗೆ ಕೈ ಹಾಕುವಾಗ, ಆತುಕೊಳ್ಳಲೆಂದು ಬಲ ಅಂಗೈಯನ್ನು ಇಂಜಿನ್ನಿನ ಸಿಲಿಂಡರಿನ ಸಾಲು ಪಟ್ಟಿಗಳ ಮೇಲೆ ಊರಿದ.

ಚುರ್ ಎಂದಿತು.

ಅವನು ಕಿರುಚಿದ್ದಕ್ಕೆ ಬೀದಿಯೇ ಎದ್ದಿತು. ನಮ್ಮ ಮನೆ ಎರಡೇ ಬಾಗಿಲು ಆಚೆ, ನಾನೂ ಎದ್ದು ಓಡಿದೆ. ನೀಲಾಂಬಿಕೆ ಬಿಂದಿಗೆ ತಂದು ತಮ್ಮನ ಕೈಗೆ ನೀರು ಸುರಿದಳು. ಚೆಲ್ಲಿದ ನೀರು ಇಂಜಿನ್ನಿನ ಮೇಲೆ ಬಿದ್ದು ಸುಂಯ್... ಎಂದು ಹಬೆ ಎದ್ದಿತು. ಈಶ್ವರಯ್ಯ ಹೊಸ್ತಿಲಿನಲ್ಲಿ ನಿಂತು ಆ ಹಬೆಯನ್ನೇ ನೋಡುತ್ತಿದ್ದ. ಮೂರು ಮೈಲಿ ತಳ್ಳಿಕೊಂಡು ಬಂದ ಗಾಡಿ. ಮೂರು ಗಂಟೆ ಇಬ್ಬನಿಯಲ್ಲಿ ನಿಂತಿದ್ದ ಗಾಡಿ.

ಹ್ಯಾಂಡಲ್ಲು ಹಿಡಿಯಲು ಆ ಕೈಗೆ ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿದು ಕೆರೆ ತುಂಬಿ ಟ್ರ್ಯಾಕು ಮುಳುಗಿತ್ತು.

ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿದರೆ ಷಡಕ್ಷರಿ ಬದುಕಿದ್ದಾನೆ, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಹೋಗಿ ಒಂದು ಅಚ್ಚು ಬೆಲ್ಲ ಕೇಳಿ. ಕೊಡುವಾಗ ಬಲ ಅಂಗೈ ನೋಡಿ. ಸುಟ್ಟ ಗೆರೆಗಳಿವೆ, ಅಡ್ಡಕ್ಕೆ, ಐದು.