ನೇರ ಸಾಲಿನ ಮೂಲಂಗಿ

ಆ ಬಾವಿ ಹತ್ತಿರ ಬಂದಾಗಲೇ ಅವಳ ಚೀಲದೊಳಗೆ ಗೇಟು ಕಿರುಗುಟ್ಟಿದ್ದು.

ಗೇಟು ಅಂದರೆ ನಿಜವಾದ ಗೇಟಲ್ಲ. ಫೋನಿನ ಆಟದ್ದು. ಕಿರ್ರ್... ಟಕ್. ಯಾರಾದರೂ ಹೊಲದೊಳಗೆ ಬಂದರೆ ಆ ಸದ್ದು ಬರುತ್ತೆ. ಆ ಹೊಲದೊಳಗೆ ಬರೋಕೆ ಆಗೋದು ಇಬ್ಬರಿಗೇ. ಒಬ್ಬಳು ಅವಳು. ಇನ್ನೊಬ್ಬಳು ಅವಳ ತಂಗಿ ಪುಟ್ಟಿ.

ಪುಟ್ಟಿ ಸತ್ತು ಆಗಲೇ ತಿಂಗಳುಗಳಾಗಿದ್ದವು.

ನಗಬೇಡಿ. ಎಲ್ಲೋ ಕೇಳಿದ್ದನ್ನ ತಂದು ಹೇಳ್ತಿಲ್ಲ ನಾನು. ನನ್ನ ಚಿಕ್ಕಪ್ಪನ ದೊಡ್ಡ ಮಗಳಿಗೇ ಆದದ್ದು ಇದು. ಕಿಟಕಿ ಪರದೆ ಹೊಲಿಯೋ ಅಂಗಡಿಯಲ್ಲಿ ಕೆಲಸ ಅವಳದು, ಅದಕ್ಕೇ ಮನೆಮಂದಿಗೆಲ್ಲ ಅವಳು ಪರದೆ ಅಕ್ಕ. ಪುಟ್ಟಿ ಚಿಕ್ಕವಳು. ಲಾರಿಯೊಂದು ಅವಳ ಸ್ಕೂಟರನ್ನ ಸವರಿಕೊಂಡು ಹೋಯ್ತು, ಅಷ್ಟೇ. ಮನೆಗೆ ಬಂದದ್ದು ಒಂದು ಚಪ್ಪಲಿ, ಒಡೆದ ಫೋನು.

ಆ ಆಟ ನಿಮಗೂ ಗೊತ್ತಿರಬಹುದು. ಅಗೆಯಬೇಕು, ಬಿತ್ತಬೇಕು, ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಒಂದು ಹೊತ್ತು ಮರೆತರೆ ಎಲೆ ಬಾಡುತ್ತೆ. ಇನ್ನೊಂದು ಹೊತ್ತು ಮರೆತರೆ ಕಾಗೆ ಬಂದು ಕೂರುತ್ತೆ. ಬಲಿತ ಮೂಲಂಗಿ ಕಿತ್ತರೆ 'ಪುಳುಕ್' ಅನ್ನುತ್ತೆ. ಆ ಪುಳುಕ್ ಕೇಳೋಕೇ ಅಕ್ಕತಂಗಿ ಇಬ್ಬರೂ ಬೇರೆ ಏನೂ ಬಿತ್ತದೆ ಬರೀ ಮೂಲಂಗಿ ಬಿತ್ತುತ್ತಿದ್ದರು. ಅಕ್ಕನ ಸಾಲು ಹೊಲಿಗೆ ಹಾಕಿದ ಹಾಗೆ ಅಚ್ಚುಕಟ್ಟು. ಪುಟ್ಟಿಯದು ಕೋಳಿ ಕೆದರಿದ ಹಾಗೆ. ಅಲ್ಲೊಂದು, ಇಲ್ಲೊಂದು. "ಮೂಲಂಗಿಗೇನು ಅಕ್ಕಾ, ಕವಾಯತಿಗೆ ನಿಲ್ಲಬೇಕಾ?" ಅನ್ನೋಳು.

ಆ ರಾತ್ರಿ ಪರದೆ ಅಕ್ಕ ಬಾವಿಕಟ್ಟೆ ಪಕ್ಕ ನಿಂತಳು. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದರು. ಒಳಗೆಲ್ಲೋ ನೀರು ತೊಟ್... ತೊಟ್... ಅಂತಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಫೋನು ತೆಗೆದು ನೋಡಿದಳು.

ಹೊಲದಲ್ಲಿ ಕೆಂಪು ಟೋಪಿ ಹಾಕಿಕೊಂಡ ಬೊಂಬೆ. ಪುಟ್ಟಿಯ ಬೊಂಬೆ. ಕೈಯಲ್ಲಿ ನೀರಿನ ಕ್ಯಾನು.

ಜುಳ್... ಜುಳ್...

ಬಾಡಿದ ಎಲೆಗಳಿಗೆ ನೀರು ಹಾಕುತ್ತಿತ್ತು.

ಅಕ್ಕ ಬರೆದಳು: "ಯಾರದು?"

ಬೊಂಬೆ ನಿಂತಿತು. ತಲೆಯ ಮೇಲೆ ಅಕ್ಷರ ಮೂಡಿತು.

"ನಾನೇ ಅಕ್ಕಾ."

ಮನೆವರೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಭಾವ, ಅಂದರೆ ಅಕ್ಕನ ಗಂಡ, ಬಾಗಿಲು ತೆಗೆದ. "ಯಾಕೇ, ದೆವ್ವ ನೋಡಿದ ಹಾಗೆ ಮಾಡ್ತಿದ್ದೀಯ?" ಅಂದ. ಅವಳು ಸೀದಾ ಒಳಗೆ ಹೋದಳು. ಭಾವನಿಗೆ ಈಚೆಗೆ ಅವಳು ಏನೂ ಹೇಳುತ್ತಿರಲಿಲ್ಲ. ತಂಗಿ ಹೋದಮೇಲೆ ಆ ಮನೆಯಲ್ಲಿ ಮಾತು ಅಂದರೆ 'ಊಟ', 'ಬೀಗ', 'ಲೈಟು' ಇಷ್ಟೇ.

ಅವಳೇನು ಪೆದ್ದಿ ಅಲ್ಲ. ಮರುದಿನ ಪರೀಕ್ಷೆ ಮಾಡಿದಳು. "ಅಮ್ಮನಿಗೆ ಗೊತ್ತಾಗದ ಹಾಗೆ ನಾನು ಒಡೆದದ್ದು ಏನು, ಹೇಳು?"

"ಗೋಡೆ ಗಡಿಯಾರದ ಗಾಜು. ತಪ್ಪನ್ನ ಬೆಕ್ಕಿನ ಮೇಲೆ ಹಾಕಿದೆ."

ಪುಟ್ಟಿಯನ್ನ ಬಿಟ್ಟರೆ ಬೆಕ್ಕಿಗೆ ಮಾತ್ರ ಗೊತ್ತಿದ್ದ ವಿಷಯ ಅದು. ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಪಕ್ಕದವಳು ಸೂಜಿ ಚುಚ್ಚಿತಾ ಅಂತ ಕೇಳಿದಳಂತೆ.

ಅಲ್ಲಿಂದ ದಿನಾ ರಾತ್ರಿ ಹೊಲ. ಭಾವ ಈಗ ತನ್ನ ಅಂಗಡಿಯಿಂದ ತಡವಾಗಿ ಬರತೊಡಗಿದ್ದ, ಅಷ್ಟರೊಳಗೆ ಇವಳು ತಂಗಿಯ ಜೊತೆ ನೀರು ಹಾಕಿ, ಕಳೆ ಕಿತ್ತು, ಮಾತು ಮುಗಿಸುತ್ತಿದ್ದಳು. ಒಂದೇ ಒಂದು ವಿಚಿತ್ರ. ಪುಟ್ಟಿ ಈಗ ನೇರ ಸಾಲಿನಲ್ಲಿ ಬಿತ್ತುತ್ತಿದ್ದಳು. ದಾರ ಹಿಡಿದು ಗೆರೆ ಎಳೆದ ಹಾಗೆ. ಅಕ್ಕ ಅದನ್ನ ನೋಡಿದಳು. ನೋಡಿ... ಸತ್ತಮೇಲಾದರೂ ಬುದ್ಧಿ ಬಂತಲ್ಲ ಹುಡುಗಿಗೆ, ಅಂದುಕೊಂಡಳು. ಬೇಕು ಅಂದುಕೊಂಡದ್ದನ್ನ ನಂಬೋಕೆ ಮನುಷ್ಯನಿಗೆ ಸಾಕ್ಷಿ ಬೇಕಾಗಲ್ಲ.

ಮಾತು ಬೆಳೆಯಿತು. ಯಾರಿಗೂ ಹೇಳದ್ದೆಲ್ಲ ಹೇಳಿದಳು. ಗಂಡನ ಪಕ್ಕ ಮಲಗಿದರೆ ಉಸಿರು ಕಟ್ಟುತ್ತೆ ಅಂದಳು. ಕೊನೆಗೆ ಇದನ್ನೂ ಹೇಳಿದಳು:

"ಬೇರೆ ಊರಲ್ಲಿ ಹೊಸ ಅಂಗಡಿ ತೆಗೀತಿದ್ದಾರೆ ಪುಟ್ಟಿ. ಯಜಮಾನಿ ನನ್ನನ್ನೇ ನೋಡಿಕೊಳ್ಳೋಕೆ ಕೇಳಿದ್ದಾರೆ. ಹೋಗ್ತೀನಿ. ಇವರಿಗೆ ಹೇಳಿಲ್ಲ. ಹೊರಡೋ ದಿನ ಹೇಳ್ತೀನಿ."

ಬೊಂಬೆ ಕ್ಯಾನು ಕೆಳಗಿಟ್ಟಿತು.

"ಭಾವ ಒಬ್ಬರೇ ಆಗ್ತಾರಲ್ಲ ಅಕ್ಕಾ," ಅಂತ ಬಂತು.

ಆ ವಾರವೇ ಯಜಮಾನಿ ಅವಳನ್ನ ಒಳಗೆ ಕರೆದರು. ಒಳ್ಳೆ ಹೆಂಗಸು, ಕಣ್ಣು ತಪ್ಪಿಸಿ ಮಾತಾಡಿ ಗೊತ್ತಿಲ್ಲದವರು. ಆವತ್ತು ಬಟ್ಟೆ ಸುರುಳಿ ನೋಡಿಕೊಂಡು ಮಾತಾಡಿದರು.

"ಹೊಸ ಅಂಗಡಿಗೆ ಬೇರೆಯವರನ್ನ ಕಳಿಸ್ತೀನಮ್ಮ. ನೀನು ಸ್ವಲ್ಪ ದಿನ ಸುಧಾರಿಸಿಕೋ."

"ಯಾಕಮ್ಮಾ? ನಾನೇನು ಕಡಿಮೆ ಮಾಡಿದೆ?"

"ನಿನ್ನ ಯಜಮಾನರು ಬಂದಿದ್ದರು. ತಂಗಿ ಹೋದಮೇಲೆ ನಿನಗೆ ತಲೆ ಸರಿಯಿಲ್ಲ, ಸತ್ತವಳ ಜೊತೆ ದಿನಾ ಮಾತಾಡ್ತೀಯ ಅಂದರು. ದೂರ ಕಳಿಸಬೇಡಿ ಅಂತ ಕೈ ಮುಗಿದರು."

ಅಕ್ಕ ಅಲ್ಲೇ ನಿಂತಳು. ಹೊರಗೆ ಯಂತ್ರಗಳು ಟಕಟಕ ಓಡುತ್ತಿದ್ದವು. ಊರು ಬಿಡೋ ವಿಷಯ ಭಾವನಿಗೆ ಹೇಳಿದವರು ಯಾರು? ಸತ್ತವಳ ಜೊತೆ ಮಾತಾಡೋದು ಹೇಳಿದವರು ಯಾರು? ಇವಳು ಬಾಯಿ ಬಿಟ್ಟದ್ದು ಒಬ್ಬಳ ಹತ್ತಿರ...

ಮೊದಲು ಅವಳಿಗೆ ಬಂದ ಯೋಚನೆ ಏನು ಗೊತ್ತಾ? ಪುಟ್ಟಿ ನನ್ನ ಕತ್ತು ಕುಯ್ದಳಲ್ಲ, ಅಂತ. ಸತ್ತ ತಂಗಿಯ ಮೇಲೆ ಸಿಟ್ಟು ಬಂತು. ಅದನ್ನ ನೆನೆಸಿಕೊಂಡರೆ ಇವತ್ತಿಗೂ ಅಳ್ತಾಳೆ.

ಆಮೇಲೆ ಪುಟ್ಟಿಯ ಒಡೆದ ಫೋನು ಯಾರ ಹತ್ತಿರ ಉಳಿದಿದೆ ಅನ್ನೋದು ನೆನಪಾಯಿತು. ಆವತ್ತು ಸಂಜೆ ಅವಳು ಮನೆಗೆ ಹೋಗಲಿಲ್ಲ. ಭಾವನ ಅಂಗಡಿಗೆ ಹೋದಳು. ಭಾವನದು ಫೋನ್ ರಿಪೇರಿ, ಹಳೇ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲು ಹತ್ತುತ್ತಾ ಫೋನಿನಲ್ಲಿ ಹೊಲ ತೆಗೆದು, ಸದ್ದು ಆರಿಸಿಟ್ಟಳು. ಕೆಂಪು ಟೋಪಿ ಅಲ್ಲೇ ಇತ್ತು. ನೀರು ಹಾಕುತ್ತಿತ್ತು.

ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಕೇಳಿಸಿತು.

ಜುಳ್... ಜುಳ್...

ಭಾವ ಮೇಜಿನ ಮೇಲೆ ಬಗ್ಗಿ ಕೂತಿದ್ದ. ದೀಪದ ಕೆಳಗೆ ಪುಟ್ಟಿಯ ಫೋನು. ಗಾಜು ಬಿರುಕು, ಬೆನ್ನು ಬಿಚ್ಚಿದೆ, ಬ್ಯಾಟರಿ ತಂತಿಯಲ್ಲಿ ನೇತಾಡುತ್ತಿದೆ. ಆದರೆ ಬದುಕಿದೆ.

ಇದೇ ಫೋನಿಗಾಗಿ ಅಕ್ಕ ಅವನ ಕಾಲು ಹಿಡಿದಿದ್ದಳು ಕಣ್ರೀ. ಪುಟ್ಟಿ ಅಡುಗೆಮನೆಯಲ್ಲಿ ಹಾಡಿಕೊಂಡದ್ದನ್ನ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. "ರೀ, ಬೇರೇನೂ ಬೇಡ, ಅವಳ ದನಿ ಒಂದು ತೆಗೆದುಕೊಡಿ" ಅಂದಿದ್ದಳು. ಭಾವ ತಲೆ ಅಲ್ಲಾಡಿಸಿದ್ದ. "ಒಳಗೆಲ್ಲ ಸುಟ್ಟುಹೋಗಿದೆ ಕಣೇ. ಇದು ಸತ್ತ ಫೋನು."

ಭಾವ ತಲೆಯೆತ್ತಿದ. ಮುಖ ಸುಣ್ಣ.

"ನೀನು... ಇಲ್ಲಿ..."

"ಎಂದಿನಿಂದ?" ಪಿಸುದನಿಯಲ್ಲೇ ಕೇಳಿದಳು.

"ನೀನು ನನ್ನ ಹತ್ತಿರ ಮಾತೇ ಆಡ್ತಿರಲಿಲ್ಲ. ನಿನ್ನ ಮನಸ್ಸಲ್ಲಿ ಏನಿದೆ ಅಂತ ತಿಳಿದುಕೊಳ್ಳೋಕೆ... ನಿನ್ನ ಒಳ್ಳೇದಕ್ಕೇ..."

"ಗಡಿಯಾರದ ಗಾಜು?"

"ಹಳೇ ಮೆಸೇಜ್‌ಗಳೆಲ್ಲ ಇದರಲ್ಲೇ ಇವೆ."

"ಅವಳ ಹಾಡು?"

ಭಾವ ಫೋನನ್ನ ಅಂಗೈಯಿಂದ ಮುಚ್ಚಿದ. ಅದೂ ಇತ್ತು. ಎಲ್ಲ ಇತ್ತು.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಪರದೆ ಅಕ್ಕ ಗಂಡನಿಗೆ 'ನೀವು' ಬಿಟ್ಟು ಮಾತಾಡಿದವಳಲ್ಲ. ಆವತ್ತು ಅಂದಳು: "ಅವಳು ಒಂದೇ ಸಲ ಸತ್ತಿದ್ದಳು. ನೀನು ಇನ್ನೊಂದು ಸಲ ಸಾಯಿಸಿದೆ."

ಬ್ಯಾಟರಿ ಹಿಡಿದು ಎಳೆದಳು. ತಂತಿ ಪಟ್ ಅಂತ ಕಿತ್ತುಬಂತು. ಪರದೆ ಕಪ್ಪಾಯಿತು. ಫೋನು, ಬ್ಯಾಟರಿ ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಸೀದಾ ತವರಿಗೆ ಬಂದಳು. ನಾನು ಆವತ್ತು ಅಲ್ಲೇ ಇದ್ದೆ, ಬಾಗಿಲು ತೆಗೆದದ್ದೇ ನಾನು. ನನ್ನನ್ನ ದಾಟಿ ಪುಟ್ಟಿಯ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಇನ್ನು ಮುಂದಿನದು ಅವಳು ನನಗೆ ಹೇಳಿದ್ದು. ಒಂದೇ ಸಲ ಹೇಳಿದಳು. ಮತ್ತೆ ಕೇಳಬೇಡ ಅಂದಳು.

ಹಾಸಿಗೆ ಮೇಲೆ ಎರಡೂ ಫೋನು. ಒಂದು ಕಡೆ ಪುಟ್ಟಿಯದು, ಪಕ್ಕದಲ್ಲಿ ಕಿತ್ತ ಬ್ಯಾಟರಿ. ಇನ್ನೊಂದು ಕಡೆ ಇವಳದು. ಆ ಆಟವನ್ನ ಅಳಿಸಿಬಿಡೋಣ ಅಂತ ತನ್ನ ಫೋನು ತೆಗೆದಳು. ಹೊಲದಲ್ಲಿ ಯಾರೂ ಇಲ್ಲ. ನೇರ ಸಾಲಿನಲ್ಲಿ ಎಳೇ ಮೂಲಂಗಿ, ಇನ್ನೂ ಬೆರಳಿನಷ್ಟು.

ಸದ್ದು ಆರಿಸಿಟ್ಟದ್ದು ಹಾಗೇ ಇತ್ತು. ಆದರೂ ಆಗ...

ಕಿರ್ರ್... ಟಕ್.

ಅಕ್ಕ ಪುಟ್ಟಿಯ ಫೋನು ನೋಡಿದಳು. ಕಪ್ಪು. ಮುಟ್ಟಿ ನೋಡಿದಳು. ತಣ್ಣಗಿದೆ. ಬ್ಯಾಟರಿ ಪಕ್ಕದಲ್ಲಿ ಬೇರೆಯಾಗೇ ಬಿದ್ದಿದೆ.

ಹೊಲದ ಗೇಟಿನಲ್ಲಿ ಕೆಂಪು ಟೋಪಿ ನಿಂತಿತ್ತು.

ಕೈಯಲ್ಲಿ ಕ್ಯಾನು ಇರಲಿಲ್ಲ. ನಿಧಾನಕ್ಕೆ ಬಂತು. ಮೊದಲ ಸಾಲಿನ ತುದಿಯಲ್ಲಿ ಬಗ್ಗಿತು.

ಪುಳುಕ್.

ಎಳೇ ಮೂಲಂಗಿಯನ್ನ ಕಿತ್ತು ಬದಿಗೆ ಎಸೆಯಿತು. ಇನ್ನೊಂದು. ಪುಳುಕ್. ಇನ್ನೊಂದು. ಆ ಆಟದಲ್ಲಿ ಬಲಿಯದ್ದನ್ನ ಕೀಳೋಕೆ ಬರೋದೇ ಇಲ್ಲ, ಅಕ್ಕ ಎಷ್ಟು ಸಲ ನೋಡಿದ್ದಾಳೆ. ಪುಳುಕ್... ಪುಳುಕ್... ಭಾವ ಬಿತ್ತಿದ್ದ ಒಂದೊಂದು ಸಾಲೂ ಖಾಲಿಯಾಯಿತು. ಅಕ್ಕನ ಸಾಲಿನದನ್ನ ಮುಟ್ಟಲಿಲ್ಲ.

"ಪುಟ್ಟೀ?" ಬರೆಯಲಿಲ್ಲ ಅವಳು, ಬಾಯಲ್ಲೇ ಅಂದಳು, ಪಿಸುಮಾತಲ್ಲಿ. "ಪುಟ್ಟೀ... ನೀನೇನಾ?"

ಬೊಂಬೆ ತಿರುಗಿತು. ತಲೆಯ ಮೇಲೆ ಅಕ್ಷರ ಒಂದೊಂದಾಗಿ ಮೂಡಿತು.

"ಇವು ನಾನು ಬಿತ್ತಿದ್ದಲ್ಲ ಅಕ್ಕಾ."

ಬೊಂಬೆ ಗೇಟಿನ ಕಡೆ ತಿರುಗಿತು.

"ಅದು ನಾನಲ್ಲ ಅಂತ ನಿಂಗೂ ಗೊತ್ತಾಗ್ಲಿಲ್ವಾ?"

ಅಕ್ಕ ಏನಂತಾಳೆ? ನೇರ ಸಾಲು ಕಣ್ಣೆದುರೇ ಇತ್ತು. ದಿನಾ ನೋಡಿದ್ದಳು. "ಪುಟ್ಟಿ, ತಪ್ಪಾಯ್ತು ಕಣೇ" ಅನ್ನೋವಷ್ಟರಲ್ಲಿ ಗೇಟು ಕಿರುಗುಟ್ಟಿತು. ಟಕ್.

ಆಮೇಲೆ ಆ ಗೇಟು ಮತ್ತೆ ತೆರೆದಿಲ್ಲ.

ಬೆಳಿಗ್ಗೆ ಅಕ್ಕ ಸೀದಾ ಯಜಮಾನಿಯ ಮುಂದೆ ನಿಂತಳು. "ನನ್ನ ತಲೆ ಸರಿಯಿದೆ. ನನ್ನ ಮನೆ ಸರಿಯಿರಲಿಲ್ಲ," ಅಂದಳು. ಯಜಮಾನಿ ಅವಳ ಮುಖವನ್ನೇ ನೋಡಿ, ಹೊಸ ಅಂಗಡಿಯ ಬೀಗದ ಕೈ ಮುಂದಿಟ್ಟರು. ಈಗ ಅಲ್ಲೇ ಇದ್ದಾಳೆ, ಅಂಗಡಿಯ ಮೇಲಿನ ಕೋಣೆಯಲ್ಲಿ, ಒಬ್ಬಳೇ. ಪುಟ್ಟಿಯ ಹಾಡನ್ನ ಬೇರೆ ಯಾರೋ ತೆಗೆದುಕೊಟ್ಟರು. ಆದರೆ ಕೇಳಲ್ಲ. ಇನ್ನೂ ಯಾವ ಮುಖ ಇಟ್ಟುಕೊಂಡು ಕೇಳಲಿ, ಅಂತಾಳೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವಳ ಮಾತನ್ನ ನಾನೂ ಪೂರ್ತಿ ನಂಬಿರಲಿಲ್ಲ, ದುಃಖದಲ್ಲಿ ಕಣ್ಣಿಗೆ ಏನೇನೋ ಕಾಣುತ್ತೆ ಅಂದುಕೊಂಡಿದ್ದೆ. ಆದರೆ ಹೋದ ತಿಂಗಳು ನನ್ನ ಫೋನು ಕೆಟ್ಟಿತ್ತು, ಭಾವನ ಅಂಗಡಿಗೇ ಹೋದೆ. ಮನುಷ್ಯ ಸೊರಗಿದ್ದಾನೆ. ಚಿಮಟ ಹಿಡಿದು ಸಣ್ಣ ತಿರುಪು ಎತ್ತೋಕೆ ಕೈ ಮುಂದೆ ಮಾಡಿದ. ಹತ್ತು ಉಗುರಿನ ಸಂದಿಯಲ್ಲೂ ಮಣ್ಣು. ಕಪ್ಪು ಮಣ್ಣು. ಹಸಿಯಾಗಿತ್ತು.

"ತೋಟ ಗೀಟ ಮಾಡ್ತಿದ್ದೀರಾ ಭಾವ?" ಅಂದೆ.

"ಇಲ್ಲಪ್ಪ," ಅಂದು ಕೈ ಮೇಜಿನ ಕೆಳಗೆ ಇಟ್ಟುಕೊಂಡ. "ಎಷ್ಟು ತೊಳೆದರೂ ಬೆಳಿಗ್ಗೆ ಎದ್ದಾಗ ಹೀಗೇ ಇರುತ್ತೆ."

ನನ್ನ ಕಣ್ಣಾರೆ ನೋಡಿದ್ದು. ಅವನ ಉಗುರು ಒಂದೊಂದೂ ರಾತ್ರಿಯಿಡೀ ಬರಿಗೈಯಲ್ಲಿ ಹೊಲ ಅಗೆದವನ ಉಗುರಿನ ಹಾಗೆ ಸವೆದಿತ್ತು.